ಜೇಬು ಹೊಲಿದ ಕೋಟಿನ ಮುಂಜಿಯಾ

ಮುಂಜಿಯಾ ಬರ್ಗಾವಿಯ ಬಿಳಿ ಕೋಟಿಗೆ ಮೂರು ಜೇಬುಗಳಿದ್ದವು. ಮೂರನ್ನೂ ಆಕೆ ಕಪ್ಪು ದಾರದಿಂದ ಹೊಲಿದುಬಿಟ್ಟಿದ್ದಳು. ಬಿಳಿ ದಾರ ಸಿಗಲಿಲ್ಲ ಎಂದಲ್ಲ, ಹೊಲಿದದ್ದು ದೂರದಿಂದಲೇ ಕಾಣಬೇಕು ಎಂದು. ಪತಂಗದ ಮೊಟ್ಟೆ ಸಾಸಿವೆಗಿಂತ ಚಿಕ್ಕದು, ಜೇಬಿನ ಮೂಲೆಯ ನೂಲಿನ ಕಸದಲ್ಲಿ ಅಂಥವು ಇಪ್ಪತ್ತು ಅಡಗಿ ಕೂತು ಯಾರದೋ ಮನೆ ಸೇರಬಹುದು ಎಂದು ಲೆಕ್ಕ ಹಾಕಿ, ಮೊದಲು ತನ್ನ ಕೋಟು, ಆಮೇಲೆ ಖರ್ಜೂರ ಸಂಶೋಧನಾ ಕೇಂದ್ರದ ಹದಿನೇಳು ಜನರ ಕೋಟು, ಕೊನೆಗೆ ನಿರ್ದೇಶಕ ಸಿ ಫೆತ್ಹಿ, ಎಂದರೆ ಫೆತ್ಹಿ ಸಾಹೇಬ, ಊಟಕ್ಕೆ ಎದ್ದುಹೋದ ಹೊತ್ತು ನೋಡಿ ಆತನ ಕೋಟನ್ನೂ ಹೊಲಿದು ಗೂಟಕ್ಕೆ ತೂಗುಹಾಕಿದಳು. ಫೆತ್ಹಿ ಬಂದು ಜೇಬಿಗೆ ಪೆನ್ನು ಸಿಕ್ಕಿಸಲು ಹೋದ. ಪೆನ್ನು ನೆಲಕ್ಕೆ ಬಿತ್ತು.

"ಲಲ್ಲಾ ಮುಂಜಿಯಾ, ಇಲ್ಲಿ ನಿರ್ದೇಶಕ ನಾನು," ಎಂದ, ಸಿಟ್ಟಿನಲ್ಲೂ ಹೆಂಗಸರಿಗೆ ಹಚ್ಚುವ ಮರ್ಯಾದೆಯ "ಲಲ್ಲಾ" ಬಿಡದೆ.

"ಹುಳಕ್ಕೆ ಅದು ಗೊತ್ತಿಲ್ಲ ಸಿ ಫೆತ್ಹಿ," ಎಂದಳು.

ಕುಳ್ಳಗಿನ ಹೆಂಗಸು, ದುಂಡು ಮೈ, ಎಡಗಾಲನ್ನು ಕೊಂಚ ಹೊರಕ್ಕೆ ಎಸೆದಂತೆ ಬಿರುಬಿರನೆ ನಡೆಯುವಳು. ಆದರೆ ಯಾವುದೇ ಬಾಗಿಲು ಬಂದೊಡನೆ ಆ ಬಿರುಸೆಲ್ಲ ನಿಂತುಹೋಗುತ್ತಿತ್ತು. ಗಕ್ಕನೆ ನಿಂತು, ಒಳಕ್ಕೆ ಮುಖ ಮಾಡಿ, ಎರಡು ಹೆಜ್ಜೆ ಹಿಂದುಹಿಂದಕ್ಕೆ ಇಟ್ಟು ಹೊರಗೆ ಬರುವಳು: ಬೆನ್ನ ಹಿಂದೆ ಏನೂ ಹಾರಿ ಬರಬಾರದು, ಬಂದರೆ ಕಣ್ಣಿಗೆ ಬೀಳಬೇಕು. ಕೇಂದ್ರದಲ್ಲಿ ಕಲಿತ ಈ ನಡಿಗೆ ಅಂಟಿಕೊಂಡು, ಅಂಚೆಕಚೇರಿಯಿಂದಲೂ ಸಾವಿನ ಮನೆಯಿಂದಲೂ ಹಾಗೇ ಹೊರಬರುತ್ತಿದ್ದಳು. ಅರಮನೆಯಲ್ಲಿ ಕೆಲಸ ಮಾಡಿದವಳಂತೆ ಎಲ್ಲರಿಗೂ ಮರ್ಯಾದೆ ಕೊಡುತ್ತಾಳಲ್ಲ ಎಂದು ಊರಿಗೆ ಹೊಸಬರಾದವರು ಮೆಚ್ಚಿಕೊಳ್ಳುತ್ತಿದ್ದರು.

ಮಾತಿಗೂ ಒಂದು ಅಂಟುಜಾಡ್ಯವಿತ್ತು. ಯಾರು ಏನು ಹೇಳಿದರೂ ಗಲ್ಲ ಎತ್ತಿ "ಆಯ್ತು, ಆಮೇಲೆ?" ಎನ್ನುವಳು. ತಮ್ಮನ ಮಗಳ ನಿಶ್ಚಿತಾರ್ಥದಲ್ಲಿ ಹುಡುಗ ಸ್ಫಾಕ್ಸ್ ಪಟ್ಟಣದಲ್ಲಿ ಮನೆ ಮಾಡುವುದಾಗಿ ಹೇಳಿದ. "ಆಯ್ತು, ಆಮೇಲೆ?" ಅಲ್ಲೇ ಅಂಗಡಿ ಹಾಕುವುದಾಗಿ ಹೇಳಿದ. "ಆಮೇಲೆ?" ಅಂಗಡಿ ಬೆಳೆದರೆ ಎರಡನೆಯದು ತೆಗೆಯುವುದಾಗಿ ಹೇಳಿದ. "ಬೆಳೀದೆ ಇದ್ರೆ?" ಹುಡುಗ ನೀರು ಕೇಳಿದ. ಮದುವೆಯೇನೋ ನಡೆಯಿತು, ಅವನು ಇವತ್ತಿಗೂ ಈಕೆಯನ್ನು ಕಂಡರೆ ರಸ್ತೆಯ ಆಚೆ ಬದಿಗೆ ದಾಟಿಕೊಳ್ಳುತ್ತಾನೆ.

ಇಷ್ಟು ಕೇಳಿದವರು ಈಕೆ ಹೆದರುಪುಕ್ಕಲಿ, ಹೊಸದನ್ನು ಕಂಡರಾಗದವಳು ಎಂದುಕೊಂಡಾರು. ಅದು ತಪ್ಪು. ನಮ್ಮ ಐನ್ ಮರ್ಜಾದ ಖರ್ಜೂರದ ತೋಪಿನಲ್ಲಿ ಹೊಸದಕ್ಕಾಗಿ ಆಕೆಯಷ್ಟು ಹಪಹಪಿಸಿದವರು ಮತ್ತೊಬ್ಬರಿಲ್ಲ. ಖರ್ಜೂರ ಕಾಯಿ ಕಟ್ಟಿದ ಮೇಲೆ ಬೂದು ಬಣ್ಣದ ಒಂದು ಪತಂಗ ಬಂದು ಮೊಟ್ಟೆಯಿಡುತ್ತದೆ, ಹುಳ ಹಣ್ಣಿನೊಳಗೆ ಸೇರಿ ಬೀಜದ ಸುತ್ತ ಮಲಗುತ್ತದೆ, ಮೇಲಿನಿಂದ ನೋಡಿದರೆ ಜೇನಿನಂತೆ ಹೊಳೆಯುವ ಹಣ್ಣು ಬಿಡಿಸಿದರೆ ಒಳಗೆಲ್ಲ ಹಿಕ್ಕೆ. ಗೊನೆ ಗೊನೆಗೂ ಬಲೆ ಕಟ್ಟುತ್ತೇವೆ. ಆದರೂ ಮೂರು ಗೊನೆಯಲ್ಲಿ ಒಂದು ಆಡಿನ ಪಾಲು. ಆಕೆಯ ತಮ್ಮ ಲಝ್‌ಹರ್‌ನ ನಲವತ್ತು ಮರಗಳ ಗತಿಯೂ ಅದೇ. ಕೇಂದ್ರದ ಪತಂಗ ಯೋಜನೆಯ ಮುಖ್ಯಸ್ಥೆಯಾಗಿ ಆಕೆ ಹನ್ನೊಂದು ವರ್ಷ ಆ ಪತಂಗದ ಹಿಂದೆ ಬಿದ್ದಳು. ಯಾವ ದೇಶದಲ್ಲಿ ಯಾರು ಏನು ಮಾಡಿದರು ಎಂದು ಓದಿ, ಓದಿದ್ದನ್ನು ಊರಿನ ಕಾಫಿ ಅಂಗಡಿಯಲ್ಲಿ ತಟ್ಟೆಯ ಮೇಲೆ ಚಹಾ ಲೋಟಗಳನ್ನು ಜೋಡಿಸಿ ನಮಗೆಲ್ಲ ಹೇಳುತ್ತಿದ್ದಳು, ಹೇಳುವಾಗ ಕತ್ತಿನ ನರ ಉಬ್ಬುತ್ತಿತ್ತು.

"ನೋಡಿ, ತಾಯಿಯಿಂದ ಅರ್ಧ, ತಂದೆಯಿಂದ ಅರ್ಧ, ಇದು ಸೃಷ್ಟಿಯ ಪದ್ಧತಿ. ಈಗ ಪ್ರಯೋಗಾಲಯದಲ್ಲಿ ಒಂದು ಗುಣ ಸೇರಿಸ್ತಾರೆ, ಅದು ಅರ್ಧಕ್ಕೆ ಒಪ್ಪಲ್ಲ. ಮಕ್ಕಳಿಗೆಲ್ಲ ಹೋಗ್ತದೆ, ಮೊಮ್ಮಕ್ಕಳಿಗೆಲ್ಲ ಹೋಗ್ತದೆ, ಕೊನೆಗೆ ತಂದೆ ತಾಯಿ ಇಬ್ಬರಿಂದಲೂ ಅದು ಬಂದ ಹೆಣ್ಣುಗಳು ಬಂಜೆಯಾಗ್ತವೆ. ಔಷಧಿ ಬೇಡ, ಬಲೆ ಬೇಡ. ಒಂದು ಡಬ್ಬಿ ಮೊಟ್ಟೆ ತಂದು ಬಿಟ್ರೆ ಹತ್ತು ವರ್ಷದಲ್ಲಿ ನಮ್ಮ ತೋಪಿನಲ್ಲಿ ಹುಳಾನೇ ಇರಲ್ಲ. ನಿಮಗೆ ಮೈ ಜುಮ್ ಅನ್ನಲ್ವಾ?"

ಜುಮ್ ಎನ್ನುತ್ತಿತ್ತು. ಆಗ ತಟ್ಟೆಯ ಕೊನೆಯ ಲೋಟವನ್ನು ಬೋರಲು ಹಾಕಿ ದನಿ ತಗ್ಗಿಸುವಳು. "ಔಷಧಿಯಾದ್ರೆ ಸಿಂಪಡಿಸೋದು ನಿಲ್ಲಿಸಬಹುದು. ಇದನ್ನ ವಾಪಸ್ ಕರೆಯೋಕಾಗಲ್ಲ. ಇದೇ ಪತಂಗ ಸಮುದ್ರದ ಆಚೆ ದಾಳಿಂಬೆಯಲ್ಲಿದೆ, ಬಾದಾಮಿಯಲ್ಲಿದೆ. ಅಲ್ಲಿ ಅದನ್ನ ತಿಂದು ಬದುಕೋ ಹಕ್ಕಿ ಯಾವುದು, ಬಾವಲಿ ಯಾವುದು, ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನ ಬಾಗಿಲು ದಾಟಿಸೋಕೆ ನಾನು ಬಿಡಲ್ಲ."

ಆಕೆಯ ಪರಿಚಯ ನನಗಾದದ್ದು ಜಗಳದಲ್ಲಿ. ಫಾಸ್ಫೇಟ್ ಗಣಿಯೂರಿನ ಮುಷ್ಕರ ಕಂಡು ಬಂದವನು ನಾನು. ಸರ್ಕಾರ "ಸುರಕ್ಷಿತ" ಎಂದದ್ದರ ಹೊಗೆ ಕುಡಿದು ಕೆಮ್ಮಿ ಸತ್ತವರ ಹೆಸರು ನನಗೆ ಬಾಯಿಪಾಠ. ನಮ್ಮ ತೋಪಿಗೆ ಹೊಸ ಜಾತಿಯ ಹುಳ ಬಿಡುತ್ತಾರಂತೆ ಎಂದು ಕೇಳಿದೊಡನೆ ಅರವತ್ತು ಜನರನ್ನು ಕಟ್ಟಿಕೊಂಡು ಕೇಂದ್ರದ ಗೇಟಿನ ಮುಂದೆ ಕೂತೆ. ಪೊಲೀಸರು ಬರುತ್ತಾರೆ ಎಂದುಕೊಂಡಿದ್ದೆವು. ಬಂದದ್ದು ಈಕೆ, ಒಂದು ಕಂಕುಳಲ್ಲಿ ಪ್ಲಾಸ್ಟಿಕ್ ಕುರ್ಚಿ, ಇನ್ನೊಂದರಲ್ಲಿ ನೋಟುಬುಕ್ಕು. ನಮ್ಮೆದುರೇ ಕುರ್ಚಿ ಹಾಕಿಕೊಂಡು ಕೂತಳು.

"ಕಾಮ್ರೇಡ್, ಬೈಯೋದು ಆಮೇಲೆ. ಮೊದಲು ಏನೇನಕ್ಕೆ ಹೆದರಿಕೆ ಹೇಳಿ. ಬರ್ಕೊಳ್ತೀನಿ."

"ನಮಗೆ ಹೆದರಿಕೆಯಿಲ್ಲ," ಎಂದೆ.

"ಹಾಗಾದ್ರೆ ಮನೆಗೆ ಹೋಗಿ. ನನಗೆ ಹೆದರೋ ಜನ ಬೇಕು."

ಕೇಳಿ ಹೆಂಗಸರು ನಕ್ಕರು. ಮಧ್ಯಾಹ್ನದ ಹೊತ್ತಿಗೆ ಆ ನೋಟುಬುಕ್ಕಿನಲ್ಲಿ ನಲವತ್ಮೂರು ಹೆದರಿಕೆಗಳಿದ್ದವು. ಬಿರುಗಾಳಿಗೆ ಹುಳ ಸಾಕುವ ಬಲೆ ಹರಿದರೆ. ಇಲಿ ತೂತು ಮಾಡಿದರೆ. ಆ ಹಣ್ಣು ತಿಂದ ಸೊಸೆ ಬಂಜೆಯಾದರೆ, ಎಂದಳು ಒಬ್ಬ ಮುದುಕಿ. ಎಲ್ಲರೂ ಕಿಸಕ್ಕೆಂದಾಗ ಮುಂಜಿಯಾ ನಗಲಿಲ್ಲ, ನಂಬರು ಹಾಕಿ ಬರೆದುಕೊಂಡಳು, ಹದಿನೈದು ದಿನ ಬಿಟ್ಟು ಮುದುಕಿಯ ಮನೆಗೆ ಹೋಗಿ ಎರಡು ಗಂಟೆ ಕೂತು ಅದು ಏಕೆ ಆಗುವುದಿಲ್ಲ ಎಂದು ತಿಳಿಸಿದಳು. ನಾನು ಕೊನೆಗೆ ಹೇಳಿದೆ: "ನಿಮ್ಮನ್ನ ವರ್ಗ ಮಾಡ್ತಾರೆ. ನಿಮ್ಮ ಜಾಗಕ್ಕೆ ಬಂದವನು ಬಾಗಿಲು ತೆಗೆದಿಟ್ಟು ಸಿಗರೇಟು ಸೇದ್ತಾನೆ." ಆಕೆ ಪೆನ್ನು ಎತ್ತಿ ನನ್ನನ್ನು ನೋಡಿದಳು. "ನಲವತ್ಮೂರರಲ್ಲಿ ಇದೇ ಗಟ್ಟಿ," ಎಂದಳು. ಮರುವಾರ ರೈತರ ಪರವಾಗಿ ನನ್ನನ್ನು ಕಾವಲು ಸಮಿತಿಗೆ ಹಾಕಿಸಿಕೊಂಡಳು. ದಿನದ ಕೊನೆಯಲ್ಲಿ, ಒಳಹೊರಗೆ ಹೋದದ್ದರ ದಾಖಲೆ ಪುಸ್ತಕದಲ್ಲಿ ಆಕೆಯ ಸಹಿಯ ಕೆಳಗೆ ಸಾಕ್ಷಿಯಾಗಿ ನನ್ನ ಸಹಿ. ಗೇಟಿನ ಹೊರಗೆ ಕೂತು ಕೂಗುವವನನ್ನು ಗೇಟು ಕಾಯಲು ಹಚ್ಚಿದಳಲ್ಲ ಎಂದು ಗೆಳೆಯರು ಆಡಿಕೊಂಡರು. ನನಗೂ ಹಾಗೇ ಅನಿಸಿತ್ತು.

ಅನುಮತಿಗೆ ಬೇಕಾದದ್ದೆಲ್ಲ ಸಿದ್ಧವಾಗಿ, ನಿಜವಾದ ಮೊಟ್ಟೆಗಳ ಡಬ್ಬಿ ನವೆಂಬರಿನಲ್ಲಿ ಬರುವುದೆಂದು ಗೊತ್ತಾದ ವರ್ಷ ಈಕೆ ಹೊಸ ಹಟ ಹಿಡಿದಳು. ಅದಕ್ಕೆ ಮೊದಲು ಒಂದಿಡೀ ಸುಗ್ಗಿ ತಾಲೀಮು ನಡೆಯಬೇಕು. ಹನ್ನೆರಡು ಖರ್ಜೂರದ ಮರಗಳನ್ನು ಒಳಗೊಂಡ ದೊಡ್ಡ ಬಲೆಮನೆ, ಅದಕ್ಕೆ ಒಂದರ ಹಿಂದೊಂದು ಎರಡು ಬಾಗಿಲು, ಒಂದು ಮುಚ್ಚಿದ ಮೇಲೇ ಇನ್ನೊಂದು ತೆರೆಯಬೇಕು. ಒಳಗೆ ನಮ್ಮ ಊರಿನದೇ ಮಾಮೂಲಿ ಬೂದು ಪತಂಗಗಳು ಆರು ಸಾವಿರ, ಸತ್ತಂತೆಲ್ಲ ಹೊಸವು, ಎಲ್ಲಕ್ಕೂ ಗುಲಾಬಿ ಬಣ್ಣದ ಪುಡಿ. ಅವನ್ನೇ ನಿಜವಾದವು ಎಂದು ತಿಳಿದು ನಡೆದುಕೊಳ್ಳಬೇಕು. ಹೊರಗೆ ಒಂದು ಗುಲಾಬಿ ಪತಂಗ ಕಂಡರೆ ನಾವು ಸೋತೆವು.

"ಒಂದು ಸುಗ್ಗಿ ಸುಮ್ನೆ ಹೋಗ್ತದೆ," ಎಂದ ಫೆತ್ಹಿ.

"ಮದುವೆಗೆ ಮುಂಚೆ ಡೋಲು ಬಾರಿಸಿ ನೋಡೋರು ನಾವು. ಇದಕ್ಕೆ ಬೇಡ್ವಾ?"

ಜೂನ್ ಹೋಯಿತು, ಜುಲೈ ಹೋಯಿತು. ಮರಳಿನ ಗಾಳಿ ಮೂರು ದಿನ ಬಡಿಯಿತು, ಬಲೆ ಹರಿಯಲಿಲ್ಲ. ಇಲಿಗಳು ಸೋತವು. ಸುತ್ತಲಿನ ಐವತ್ತು ತೋಟಗಳಲ್ಲಿ ಬೋನುಗಳನ್ನು ಕಟ್ಟಿ ದಿನವೂ ನೋಡುತ್ತಿದ್ದೆವು: ಬೂದು, ಬೂದು, ಎಲ್ಲ ಬೂದು. ಆಗಸ್ಟ್ ಕಳೆದು ಸೆಪ್ಟೆಂಬರ್ ಬಂದಾಗ ನನಗೇ ನಂಬಿಕೆ ಹುಟ್ಟತೊಡಗಿತು, ಒಂದು ಸಲವಂತೂ ಬೋನಿನ ಮುಂದೆ ನಿಂತು ಹುರ್ರೇ ಎನ್ನಬೇಕೆನಿಸಿ ನಾಚಿಕೆಯಾಯಿತು.

ಅಕ್ಟೋಬರಿನ ಒಂದು ಮಂಗಳವಾರ ರಾಜಧಾನಿ ಟ್ಯೂನಿಸ್‌ನಿಂದ ಅನುಮತಿ ಸಮಿತಿ ಬಂತು. ಅಧ್ಯಕ್ಷ ಸಿ ನೂಮಾನ್ ಎಂಬ ವಯಸ್ಸಾದ ಸಜ್ಜನ, ಕೆಮ್ಮಿದರೂ ಕ್ಷಮೆ ಕೇಳುವ ಮನುಷ್ಯ. ಅವನಿಗೂ ಜೇಬು ಹೊಲಿದ ಕೋಟು ತೊಡಿಸಿದಳು, ಬಲೆಮನೆ ಸುತ್ತಿಸಿದಳು, ಪುಡಿ ಮೆತ್ತಿದ ಪತಂಗಗಳು ಗೊನೆಗಳ ನಡುವೆ ಗುಲಾಬಿ ಕಿಡಿಗಳಂತೆ ಎದ್ದು ಕೂರುವುದನ್ನು ತೋರಿಸಿದಳು. ಬಾಗಿಲ ನಡುವಿನ ಕೋಣೆಯಲ್ಲಿ ಬ್ರಷ್‌ನಿಂದ ಅವನ ಹೆಗಲು, ತೋಳು, ಕಿವಿಯ ಹಿಂದೆ ಎಲ್ಲ ಕೊಡವಿಸಿದಳು. ಅವನು ಮಕ್ಕಳಂತೆ ಕೈ ಎತ್ತಿ ನಿಂತಿದ್ದ. "ನಮ್ಮಮ್ಮ ಕೂಡ ಇಷ್ಟು ಚೆನ್ನಾಗಿ ಒರೆಸಿರಲಿಲ್ಲ," ಎಂದ. ಊಟವಾಯಿತು. ಸಮಿತಿ ಕಾರು ಹತ್ತಿತು. ಆ ಸಂಜೆ ಪುಸ್ತಕದಲ್ಲಿ ಆಕೆ ಬರೆದಳು: ಒಳಗೆ ಹೋದವರು ಏಳು. ಹೊರಗೆ ಬಂದವರು ಏಳು. ಹೊರಗೆ ಹೋದ ವಸ್ತು: ಏನೂ ಇಲ್ಲ. ಕೆಳಗೆ ನಾನು ಸಹಿ ಹಾಕಿದೆ.

ಮರುದಿನ ಬೆಳಗ್ಗೆ ಎಂಟಕ್ಕೆ ಫೋನು. ನಾವು ಕಾಫಿ ಕುಡಿಯುತ್ತಿದ್ದೆವು. ಆಕೆ ಎಲ್ಲರೂ ಕೇಳಲೆಂದು ಸ್ಪೀಕರ್ ಹಾಕಿದಳು. ನೂಮಾನ್ ನಗುತ್ತಿದ್ದ.

"ಲಲ್ಲಾ ಮುಂಜಿಯಾ, ನಿಮ್ಮ ಕಾಗದಕ್ಕೆ ಸಹಿ ಹಾಕಿಟ್ಟಿದ್ದೀನಿ, ಅಭಿನಂದನೆ. ಖರ್ಜೂರ ಅಂತೂ ಬಾಯಲ್ಲಿಟ್ರೆ ಕರಗ್ತದೆ. ಅಂದ ಹಾಗೆ, ನಮ್ಮ ಅಡುಗೆಮನೆ ಗೋಡೆ ಮೇಲೆ ಒಂದು ಗುಲಾಬಿ ಚಿಟ್ಟೆ ಕೂತಿದೆ. ಅದೂ ನಿಮ್ಮದೇನಾ?"

ಆಕೆಯ ಕೈಯಲ್ಲಿದ್ದ ಲೋಟ ನಿಧಾನವಾಗಿ ಮೇಜಿಗೆ ಇಳಿಯಿತು. "ಕೊಲ್ಲಬೇಡಿ. ಮೇಲೆ ಒಂದು ಲೋಟ ಬೋರಲು ಹಾಕಿ. ನಾನು ಬರೋವರೆಗೆ ಯಾರೂ ಬಿಡಬೇಡಿ." ಫೋನಿಟ್ಟು ನಮ್ಮೆಲ್ಲರನ್ನೂ ಒಬ್ಬೊಬ್ಬರಾಗಿ ನೋಡಿದಳು. "ಯಾವ ಖರ್ಜೂರ?"

ಮೂಲೆಯಲ್ಲಿ ನಿಂತಿದ್ದ ಅಮ್ಮಿ ತಿಜಾನಿ, ಎಂದರೆ ಊರಿಗೆಲ್ಲ ತಿಜಾನಿ ಚಿಕ್ಕಪ್ಪ, ಕೆಮ್ಮಿದ. ಮರ ಹತ್ತುವುದರಲ್ಲಿ ನಮ್ಮ ಕಡೆ ಅವನನ್ನು ಮೀರಿಸಿದವರಿಲ್ಲ. "ಗೊನೆ ಕಣವ್ವ. ಸುಗ್ಗೀಲಿ ತೋಟಕ್ಕೆ ಬಂದೋರನ್ನ ಬರಿಗೈಲಿ ಕಳಿಸ್ತೀವಾ? ಒಳಗಿನ ಮೂರನೇ ಮರದ್ದು, ಅದೇ ಚೆನ್ನಾಗಿತ್ತು."

"ಎರಡು ಬಾಗಿಲು ಹೆಂಗೆ ದಾಟಿಸಿದಿ ಅಮ್ಮಿ?"

"ನನ್ನ ಎರಡು ಕೈಲೂ ಗೊನೆ ಇತ್ತು. ನೀನೇ ಬಾಗಿಲು ತೆಗೆದಿ. ಕಾಮ್ರೇಡು ಹೊರಗಿನ ಬಾಗಿಲು ಹಿಡ್ಕೊಂಡ. ಆಮೇಲೆ ನನ್ನ ಕೈಯಿಂದ ತಗೊಂಡು ನೀನೇ ಕಾರಿಗೆ ಇಟ್ಟೆ, ಮೇಲೆ ಕಾಗದ ಹೊದಿಸಿ."

ಹೌದು. ಹಾಗೇ ಆಗಿತ್ತು. ಅವನು ಹೇಳಿದ ಮೇಲೆ ನನಗೂ ಕಣ್ಣಿಗೆ ಕಟ್ಟಿತು, ಬಾಗಿಲ ಕಬ್ಬಿಣದ ತಂಪು ಅಂಗೈಗೆ ನೆನಪಾಯಿತು. ನಿರ್ದೇಶಕ, ಅಧ್ಯಕ್ಷ, ಕಾವಲಿನವಳು, ಕಾವಲಿನವಳ ಮೇಲಿನ ಕಾವಲುಗಾರ, ಎಲ್ಲರ ಕಣ್ಣೆದುರೇ ಹತ್ತು ಕಿಲೋ ಗೊನೆ ಹೊರಗೆ ಹೋಗಿತ್ತು, ಒಬ್ಬರ ಕಣ್ಣಿಗೂ ಬಿದ್ದಿರಲಿಲ್ಲ. ಏಕೆಂದರೆ ನಮ್ಮಲ್ಲಿ ಅತಿಥಿಗೆ ಕೊಟ್ಟ ಗೊನೆ ವಸ್ತುವಲ್ಲ, ಅದು ಹೋಗಿ ಬನ್ನಿ ಎನ್ನುವ ಮಾತಿನ ಬಾಲ. ಗಾಳಿ, ಇಲಿ, ಹರಿದ ಬಲೆ ಎಂದು ನಲವತ್ಮೂರು ಬರೆಸಿದ ನಾವು ಇದೊಂದನ್ನು ಬರೆಸಿರಲಿಲ್ಲ.

ಫೆತ್ಹಿ ಎದ್ದು ಬಾಗಿಲು ಮುಚ್ಚಿದ. ಅವನದು ಸಭ್ಯ ದನಿ. "ನೋಡಿ, ಇದು ನಮ್ಮ ಊರಿನ ಪತಂಗ. ನಿಮ್ಮ ತಮ್ಮನ ತೋಟದಲ್ಲೇ ಲಕ್ಷ ಇವೆ. ನೀವು ಪುಡಿ ಬಳಿದಿದ್ದೀರಿ, ಅಷ್ಟೇ. ನೂಮಾನ್ ಚಪ್ಪಲೀಲಿ ಒಂದು ಕೊಟ್ರೆ ಕಥೆ ಮುಗೀತು. ಸಹಿ ಆಗಿದೆ ಲಲ್ಲಾ. ಹನ್ನೊಂದು ವರ್ಷ ನಿಮ್ಮವು. ಬರೆದ್ರೆ ಸಹಿ ಹೋಗ್ತದೆ, ನೀವೂ ಹೋಗ್ತೀರಿ."

ನಾನು ಆಕೆಯ ಮುಖ ನೋಡಿದೆ. ಅಳುತ್ತಾಳೆ ಎಂದುಕೊಂಡಿದ್ದೆ. ದೇವರಾಣೆ, ಆ ಮುಖ ಉರಿಯುತ್ತಿತ್ತು. ಚಹಾ ಲೋಟ ಜೋಡಿಸುವಾಗಿನ ಅದೇ ಉಮೇದು, ಕತ್ತಿನಲ್ಲಿ ಅದೇ ನರ.

"ನಾನೂರೈವತ್ತು ಕಿಲೋಮೀಟರು," ಎಂದಳು. "ಒಂದೇ ದಿನದಲ್ಲಿ. ಯಾವ ಪತಂಗಕ್ಕೆ ರೆಕ್ಕೆ ಇದೆ ಅಷ್ಟು ದೂರ ಹಾರೋಕೆ? ನಾವು ಗಾಳಿಗೆ ಬಲೆ ಕಟ್ಟಿದ್ವಿ. ಇದು ನನ್ನ ಕೈ ಹಿಡ್ಕೊಂಡು ಹೋಗಿದೆ ಸಿ ಫೆತ್ಹಿ. ತೂತು ಸಿಕ್ಕಿತು, ತಿಳೀತಾ? ನವೆಂಬರಿನಲ್ಲಿ ಸಿಗಬೇಕಾಗಿದ್ದು ಅಕ್ಟೋಬರಿನಲ್ಲೇ ಸಿಕ್ಕಿತು."

ಕೇಂದ್ರದ ಕಾರು ಕೊಡಲಿಲ್ಲ. ನನ್ನ ಹಳೇ ಪಿಕಪ್ಪಿನಲ್ಲಿ ಹೊರಟೆವು. ದಾರಿಯ ಕೈರವಾನ್ ಪಟ್ಟಣ ದಾಟುವವರೆಗೆ ಆಕೆ ಬಾಯಿ ಮುಚ್ಚಲಿಲ್ಲ, ಒಂದು ಗೊನೆಯಲ್ಲಿ ಎಷ್ಟು ಹಣ್ಣು, ಎಷ್ಟು ಮೊಟ್ಟೆ, ಎಷ್ಟು ಕೈ ಬದಲಾಗಬಹುದು ಎಂದು ಲೆಕ್ಕ, ಊಟಕ್ಕೆ ನಿಲ್ಲಿಸೋಣವೆಂದರೆ "ಪತಂಗ ಊಟಕ್ಕೆ ನಿಲ್ತದಾ?" ಎಂಬ ಉತ್ತರ. ಮೂರು ಗಂಟೆಗೆ ಟ್ಯೂನಿಸ್. ನೂಮಾನನ ಹೆಂಡತಿ ಗೋಡೆಯ ಮೇಲೆ ಲೋಟ ಒತ್ತಿ ಹಿಡಿದು ನಿಂತಿದ್ದಳು. ಒಂದು ತಾಸಿಗೊಮ್ಮೆ ಪಕ್ಕದ ಮನೆಯವಳು ಕೈ ಬದಲಿಸಿದ್ದಳಂತೆ. ಲೋಟದೊಳಗೆ ಗುಲಾಬಿ ಪುಡಿ ಉದುರಿಸುತ್ತ ಅದು ತಣ್ಣಗೆ ಕೂತಿತ್ತು.

"ಉಳಿದ ಹಣ್ಣು?" ಎಂದಳು ಮುಂಜಿಯಾ.

"ಹಂಚಿಬಿಟ್ಟೆ ತಾಯಿ. ನಾಲ್ಕು ಮನೆಗೆ. ಬಿಜೆರ್ತಾದಲ್ಲಿರೋ ತಂಗಿಗೆ ಒಂದು ಚೀಲ ಬೆಳಗಿನ ಬಸ್ಸಿಗೇ ಕಳಿಸಿದೆ," ಎಂದಳು ಹೆಂಡತಿ.

ಆಮೇಲೆ ನಡೆದದ್ದನ್ನು ನೆನೆದರೆ ನನಗೆ ಈಗಲೂ ಕಿವಿ ಬಿಸಿಯಾಗುತ್ತದೆ. ಲಾಠಿ ಎದುರಿಸಿದ್ದೇನೆ, ನ್ಯಾಯಾಲಯದಲ್ಲಿ ಕೈಕೋಳದಲ್ಲಿ ನಿಂತಿದ್ದೇನೆ, ಆದರೆ ಕೊಟ್ಟ ಖರ್ಜೂರವನ್ನು ವಾಪಸ್ ಕೇಳಲು ಪರರ ಬಾಗಿಲು ತಟ್ಟಿದ್ದು ಅದೇ ಮೊದಲು. ನಾನು ಮೆಟ್ಟಿಲ ಮೇಲೇ ಉಳಿದೆ. ಆಕೆ ತಟ್ಟಿದಳು. ಎರಡನೇ ಮಹಡಿಯ ಹೆಂಗಸು ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ನಿಮ್ಮ ಕಡೆ ಹೀಗಾ? ಕೊಟ್ಟು ಕಸ್ಕೊಳ್ಳೋದಾ?"

"ಹೌದವ್ವಾ, ನಮ್ಮ ಕಡೆ ಹೀಗೆ. ತಿಂದದ್ದೆಷ್ಟು, ಉಳಿದದ್ದೆಷ್ಟು ಹೇಳಿ."

"ಬೀಜಾನೂ ಬೇಕಾ?"

"ಬೀಜಾನೂ ಬೇಕು."

ಬೀಜವನ್ನೂ ಕೊಟ್ಟಳು, ಕಸದ ಬುಟ್ಟಿಯಿಂದ ಹೆಕ್ಕಿ, ಒಂದೊಂದನ್ನೇ ಎಣಿಸಿ ಅಂಗೈಗೆ ಎಸೆದಳು. ನಾಲ್ಕು ಮನೆ ಮುಗಿಸಿ ಬಂದರಿನೂರು ಬಿಜೆರ್ತಾಕ್ಕೆ ಓಡಿದೆವು. ತಂಗಿಯ ಮನೆಯ ಚೀಲ ಬಿಚ್ಚಿದಾಗ ಇನ್ನೊಂದು ಗುಲಾಬಿ ಪತಂಗ ಫಡಫಡಿಸಿ ಎದ್ದಿತು, ಕಿಟಕಿ ತೆರೆದಿತ್ತು, ಐವತ್ತೇಳು ವರ್ಷ ವಯಸ್ಸಿನ ಆ ದುಂಡು ಹೆಂಗಸು ಹೇಗೆ ಸೋಫಾ ಹತ್ತಿ ಜಿಗಿದಳೋ ತಿಳಿಯದು, ಎರಡು ಅಂಗೈಗಳ ನಡುವೆ ಅದನ್ನು ಬೊಗಸೆಯಾಗಿ ಹಿಡಿದು ಕೆಳಗಿಳಿದಳು. ಕಿಟಕಿಯ ಹೊರಗೆ ಸಮುದ್ರ ಕಾಣುತ್ತಿತ್ತು. ಸರಕಿನ ಹಡಗೊಂದು ಹೊರಡುತ್ತಿತ್ತು. ಬೊಗಸೆ ಬಿಡದೆ ಅದರ ಕಡೆ ತಿರುಗಿದಳು. "ಇದೇ ನಿಜವಾದದ್ದಾಗಿದ್ರೆ," ಎಂದಷ್ಟೇ ಹೇಳಿದಳು.

ವರದಿಯನ್ನು ಬರೆದದ್ದು ವಾಪಸಾಗುವ ದಾರಿಯಲ್ಲಿ, ಮೊಣಕಾಲ ಮೇಲೆ ಹಾಳೆಯಿಟ್ಟು. ಮೊದಲ ಸಾಲು ನನಗೆ ಓದಿ ತೋರಿಸಿದಳು: "ಮಂಗಳವಾರ ಮಧ್ಯಾಹ್ನ ಎರಡೂಕಾಲಿಗೆ ನಾನು, ಮುಂಜಿಯಾ ಬರ್ಗಾವಿ, ನನ್ನ ಕೈಯಿಂದಲೇ ಬಲೆಮನೆಯ ಗೊನೆಯೊಂದನ್ನು ಹೊರಗೆ ಕಳಿಸಿದೆ, ಪುಸ್ತಕದಲ್ಲಿ ಏನೂ ಇಲ್ಲ ಎಂದು ಬರೆದೆ." ತಿಜಾನಿಯ ಹೆಸರು ವರದಿಯಲ್ಲಿರಲಿಲ್ಲ. ನನ್ನದೂ ಇರಲಿಲ್ಲ; ಸಾಕ್ಷಿ ಹಾಕಿದವನು ನಾನಲ್ಲವೇ ಎಂದು ಕೇಳಿದ್ದಕ್ಕೆ "ನಿಮ್ಮ ಸಾಲು ನೀವು ಬರೀರಿ" ಎಂದು ಪೆನ್ನು ಕೊಟ್ಟಳು. ಬರೆದೆ. ನಮ್ಮ ಸಂಘಟನೆಯ ಇಷ್ಟು ವರ್ಷಗಳ ಕರಪತ್ರಗಳಲ್ಲಿ ನಾನು ತಪ್ಪು ಮಾಡಿದೆ ಎಂದು ಬರೆದ ಸಾಲು ಅದೊಂದೇ.

ಫೆತ್ಹಿ ಹೇಳಿದ್ದೆಲ್ಲ ಆಯಿತು. ನೂಮಾನ್ ಕ್ಷಮೆ ಕೇಳಿ ತನ್ನ ಸಹಿ ವಾಪಸ್ ಪಡೆದ, ಡಬ್ಬಿ ತರುವುದನ್ನು ಎರಡು ಸುಗ್ಗಿ ಮುಂದಕ್ಕೆ ಹಾಕಿದರು, ಆಕೆಯ ಮುಖ್ಯಸ್ಥೆಯ ಪಟ್ಟ ಕಿತ್ತು ಬಾಗಿಲ ದಾಖಲೆಯ ಕೆಲಸಕ್ಕೆ ಇಳಿಸಿದರು. ಊರು ಇನ್ನೂ ನಿಷ್ಠುರ. ತಮ್ಮ ಲಝ್‌ಹರ್ ಕಾಫಿ ಅಂಗಡಿಯಲ್ಲಿ ಎಲ್ಲರೆದುರು ಅಂದ: "ನಿನ್ನ ಸತ್ಯಾನ ನನ್ನ ಆಡು ತಿಂತಾ ಇದೆ ನೋಡು ಅಕ್ಕಾ, ಇನ್ನೂ ಎರಡು ವರ್ಷ." ಆಕೆ ತಲೆ ತಗ್ಗಿಸಿದಳು, ಅವನು ಹೇಳಿದ್ದು ನಿಜ. ನನ್ನ ಗೆಳೆಯರಿಗೆ ಮಾತ್ರ ಹಬ್ಬ. ಆಕೆಯ ಹೆಸರು ಹಾಕಿ ಬ್ಯಾನರ್ ಬರೆದು ಮನೆಗೇ ಹೋದರು. "ಮಡಚಿ ಇಡಿ," ಎಂದಳು. "ನಾನು ನಿಮ್ಮೋಳಲ್ಲ. ಆ ಡಬ್ಬಿ ನಾನು ತರ್ತೀನಿ, ತರೋದನ್ನ ನೀವು ಅಡ್ಡ ಹಾಕಿದ್ರೆ ನಿಮ್ಮ ಹತ್ರಾನೂ ಜಗಳ ಆಡ್ತೀನಿ."

ಉಡುಗೊರೆ ನಿಷೇಧ ಎಂದು ಫೆತ್ಹಿ ಗೋಡೆಗೆ ಫಲಕ ಹಾಕಿಸಿದ. ಆಕೆ ಅದನ್ನು ಓದಿ ತೆಗೆದಿಟ್ಟಳು. ನಿಷೇಧಿಸಿದರೆ ಕೈ ಕದ್ದು ಕೊಡುತ್ತದೆ, ಕದ್ದದ್ದು ಪುಸ್ತಕಕ್ಕೆ ಬರುವುದಿಲ್ಲ. ಅದರ ಬದಲು ಗೇಟಿನ ಹೊರಗೆ ಫಲ ಬಿಡುವ ಆರು ಮರಗಳನ್ನು ತಮ್ಮನ ಕಾಲು ಹಿಡಿದು ಬಿಡಿಸಿಕೊಂಡಳು. ಬಂದವರಿಗೆಲ್ಲ ಅಲ್ಲಿಂದಲೇ ಗೊನೆ, ತಿಜಾನಿಯೇ ಹತ್ತಿ ಇಳಿಸಿ ಕೊಡುವುದು. ಎರಡು ಸುಗ್ಗಿಯಲ್ಲಿ ನೂರಾ ಹನ್ನೆರಡು ಗೊನೆ ಹೋಗಿವೆ, ಬರಿಗೈಲಿ ಯಾರೂ ಹೋಗಿಲ್ಲ, ಬಲೆಮನೆಯ ತಾಲೀಮು ನಡೆದೇ ಇದೆ, ಗುಲಾಬಿ ಬಣ್ಣ ಹೊರಗೆಲ್ಲೂ ಕಂಡಿಲ್ಲ. ಬರುವ ತಿಂಗಳು ಸಮಿತಿ ಮತ್ತೆ ಕೂರುತ್ತದೆ. ಒಪ್ಪಿಗೆ ಸಿಕ್ಕರೆ ಡಬ್ಬಿ ತೆರೆಯುವವನು ಹೊಸ ಮುಖ್ಯಸ್ಥ. ಆಕೆಗೆ ಆ ದಿನ ಬಾಗಿಲ ಹತ್ತಿರ ಕೆಲಸ.

ದೊಡ್ಡವರ ತಪ್ಪು ಹುಡುಕುವುದರಲ್ಲೇ ನನ್ನ ಆಯುಷ್ಯ ಸವೆದಿದೆ. ಬೀಗ ಹಾಕಿದ ಕಪಾಟು, ಸುಟ್ಟ ಕಡತ, ಸತ್ತ ಸಾಕ್ಷಿ, ಇವುಗಳ ನಡುವೆ ಕೈಯಾಡಿಸಿ ಒಂದು ಚೂರು ಕಾಗದ ಸಿಕ್ಕರೆ ಗೆದ್ದೆವೆಂದು ಮೆರವಣಿಗೆ ಮಾಡಿದವರು ನಾವು. ಯಂತ್ರ ತಂದವರೆಲ್ಲ ಕಳ್ಳರು, ಯಂತ್ರ ಒಡೆಯುವವರೆಲ್ಲ ಸಾಚಾ ಎಂಬ ಸುಲಭದ ಗಣಿತ ನಮ್ಮದು. ಈ ಜಾತಿಯ ಮನುಷ್ಯರು ಆ ಗಣಿತಕ್ಕೆ ಸಿಗುವುದಿಲ್ಲ. ಹೊಸದನ್ನು ಪ್ರಾಣದಂತೆ ಬಯಸುತ್ತಾರೆ. ಅದನ್ನೇ ತಮ್ಮ ಕೈಯಾರೆ ಎರಡು ವರ್ಷ ಹಿಂದಕ್ಕೆ ತಳ್ಳುತ್ತಾರೆ. ಅವರ ತಪ್ಪನ್ನು ಯಾರೂ ಅಗೆಯಬೇಕಾಗಿಲ್ಲ, ಅವರದೇ ಅಕ್ಷರದಲ್ಲಿ, ಗಂಟೆ ನಿಮಿಷ ಸಮೇತ ಮೇಜಿನ ಮೇಲಿರುತ್ತದೆ. ಇಂಥವರ ವಿರುದ್ಧ ಕೂಗಲು ನಮ್ಮಲ್ಲಿ ಘೋಷಣೆಯಿಲ್ಲ, ಪರವಾಗಿ ಕೂಗೋಣವೆಂದರೆ ಅವರು ಬಿಡುವುದಿಲ್ಲ. ಆದರೂ, ಲೋಕವನ್ನೇ ಬದಲಿಸುವಂಥ ಏನನ್ನಾದರೂ ಯಾರಾದರೂ ನಮ್ಮ ಊರಿಗೆ ತರುತ್ತೇನೆಂದರೆ, ನಾನು ಮೊದಲು ಕೇಳುವುದು ಅದು ಏನು ಮಾಡುತ್ತದೆ ಎಂದಲ್ಲ; ನಿಮ್ಮಲ್ಲಿ ತನ್ನ ತಪ್ಪನ್ನು ತಾನೇ ಬರೆಯುವವರು ಯಾರಿದ್ದಾರೆ, ಬರೆದ ಮೇಲೆ ಅವರನ್ನು ಏನು ಮಾಡಿದಿರಿ ಎಂದು.